ಪಿನ್ನು ಕೀಳದ ಯಮುನಾಬಾಯಿ ಟೀಚರ್

ನನ್ನ ಅಂಗಡಿಯಲ್ಲಿ ಬಾಡಿಗೆಗೆ ಕೊಡುವ ಪತ್ತೇದಾರಿ ಕಾದಂಬರಿಗಳ ಕೊನೆಯ ಅಧ್ಯಾಯಕ್ಕೆ ಪಿನ್ನು ಹೊಡೆದಿರುತ್ತೇನೆ. ಹೊಸಪೇಟೆಯ ಮಂದಿಯನ್ನು ನಂಬಿ ಕೆಟ್ಟ ಮೇಲೆ ಕಲಿತ ಬುದ್ಧಿ ಇದು. ಬಸ್ಸಿಗೆ ಕಾಯುವ ನೆಪದಲ್ಲಿ ಒಳಗೆ ಬರುತ್ತಿದ್ದರು, ಫ್ಯಾನಿನ ಕೆಳಗೆ ನಿಲ್ಲುತ್ತಿದ್ದರು, ಕೊಲೆ ಮಾಡಿದವನು ಯಾರೆಂದು ಕೊನೆಯ ಹಾಳೆ ತಿರುವಿ ನೋಡುತ್ತಿದ್ದರು. ಆಮೇಲೆ "ಇದು ಓದೀನ್ರಿ" ಎಂದು ಪುಸ್ತಕ ಇಟ್ಟು ಹೋಗುತ್ತಿದ್ದರು. ಅದಕ್ಕೇ ಪಿನ್ನು. ಬಾಡಿಗೆ ಕೊಟ್ಟು ಮನೆಗೆ ಒಯ್ದವರು ಅದನ್ನು ಕೀಳಬಹುದು. ಪುಸ್ತಕ ವಾಪಸ್ ಬಂದ ಮೇಲೆ ನಾನು ಮತ್ತೆ ಹೊಡೆಯುತ್ತೇನೆ.

ಪಿನ್ನು ಕೀಳದೆಯೇ ಪುಸ್ತಕ ವಾಪಸ್ ತರುತ್ತಿದ್ದವರು ಇಡೀ ಊರಿನಲ್ಲಿ ಒಬ್ಬರೇ, ಯಮುನಾಬಾಯಿ ಟೀಚರ್. ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಕನ್ನಡಕದ ಮೇಲಿಂದ ನೋಡಿ, "ಆ ಕಂಪೌಂಡರ್ ಮಾಡಿದ್ದು, ನೋಡು ಬೇಕಾದ್ರ" ಎನ್ನುತ್ತಿದ್ದರು. ನಾನು ಪಿನ್ನು ಕಿತ್ತು ನೋಡಿದರೆ ಕಂಪೌಂಡರನೇ. ಹತ್ತಕ್ಕೆ ಒಂಬತ್ತು ಸಲ ಹೀಗೇ. ತಪ್ಪಾದ ಒಂದು ಸಲ, "ಬರದವನಿಗೇ ಗೊತ್ತಿಲ್ಲ" ಎಂದು ಲೇಖಕನನ್ನೇ ಬೈಯುತ್ತಿದ್ದರು. ಮೂರನೇ ಇಯತ್ತೆಯಲ್ಲಿ ನನಗೆ ಮಗ್ಗಿ ಕಲಿಸಿದವರು ಅವರು. ಈಗ ನನ್ನ ತಲೆ ಬೋಳಾದರೂ ಅವರ ಬಾಯಲ್ಲಿ ನಾನು "ಲೇ ಹಾಲಸ್ವಾಮಿ"ಯೇ. ಅವರು ಹಾಗೆ ಕರೆದರೆ ನನಗೆ ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ.

ಟೀಚರ್ ಮನೆ ಮಠದ ಹಿಂದಿನ ಓಣಿಯಲ್ಲಿ. ಮಗ, ಸೊಸೆ ಇಬ್ಬರೂ ಬ್ಯಾಂಕಿನವರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಟೀಚರ್ ಎದ್ದು, ಸ್ನಾನ ಮಾಡಿ, ಮಡಿಯುಟ್ಟು, ಪೂಜೆ, ನೈವೇದ್ಯ, ಊಟ ಎಲ್ಲ ಮುಗಿಯುವವರೆಗೆ ನನ್ನ ಪುಸ್ತಕ ಮುಟ್ಟುತ್ತಿರಲಿಲ್ಲ. ಊರವರೆಲ್ಲ ಬೆರಳು ನೆಕ್ಕಿ ಹಾಳೆ ತಿರುವಿದ ಪುಸ್ತಕಕ್ಕೆ ಮನೆಯೊಳಗೆ ಪ್ರವೇಶವೂ ಇಲ್ಲ. ಅದು ಪಡಸಾಲೆಯ ಗೂಡಿನಲ್ಲೇ ಇರಬೇಕು. ಊಟವಾದ ಮೇಲೆ ಟೀಚರ್ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆಂದರೆ, ಒಂದು ಕಣ್ಣು ಪುಸ್ತಕದ ಮೇಲೆ, ಇನ್ನೊಂದು ಗೇಟಿನ ಮೇಲೆ. ಯಾರು ಬಂದರು, ಯಾರು ಹೋದರು, ಹಾಲಿನವನು ಇವತ್ತು ಯಾಕೆ ಎಡಗೈಯಲ್ಲಿ ಹಾಲು ಹಾಕಿದ, ಎಲ್ಲಕ್ಕೂ ಅವರ ಹತ್ತಿರ ಒಂದು ಅನುಮಾನ ಇರುತ್ತಿತ್ತು.

ನನ್ನ ಕಪಾಟುಗಳಿಗೆ ಹೆಸರು ಬರೆದಿಲ್ಲ. ಆದರೆ ಬಂದವರ ಮುಖ ನೋಡಿದರೆ ಯಾವ ಕಪಾಟಿಗೆ ಕೈ ಹಾಕುತ್ತಾರೆಂದು ಹೇಳಬಲ್ಲೆ. ಬ್ಯಾಂಕಿನವರಿಗೆ ಒಳಗಿಂದ ಚಿಲಕ ಹಾಕಿದ ಕೋಣೆಯಲ್ಲಿ ಹೆಣ ಬಿದ್ದಿರಬೇಕು, ಆಗಲೇ ತೃಪ್ತಿ. ಲಾರಿ ಡ್ರೈವರ್‌ಗಳಿಗೆ ಸೇಡಿನ ಕಥೆ. ಅಲ್ಲಿ ಕೊಂದವನು ಯಾರೆಂದು ಮೊದಲ ಪುಟದಲ್ಲೇ ಗೊತ್ತು, ಯಾವಾಗ ಸಿಗುತ್ತಾನೆ ಎಂಬುದಷ್ಟೇ ಪ್ರಶ್ನೆ. ಕಾಲೇಜು ಹುಡುಗರಿಗೆ ಗೂಢಚಾರಿಗಳು, ಬ್ರೀಫ್‌ಕೇಸು, ವಿಮಾನ ನಿಲ್ದಾಣ. ಚಿತ್ತವಾಡ್ಗಿಯ ಹೆಂಗಸರು ಮಾಟ-ಮಂತ್ರದ ಕಥೆ ಒಯ್ದು, ಹೆದರಿಕೆಯಾಗಿ ನಿದ್ದೆ ಬರಲಿಲ್ಲ ಎಂದು ನನ್ನನ್ನೇ ಬೈದು, ಅದರ ಮುಂದಿನ ಭಾಗ ಕೇಳುತ್ತಾರೆ. ಹಂಪಿ ಬಜಾರಿನಿಂದ ಬರುವ ಗೈಡ್‌ಗಳಿಗೆ ನಿಧಿ ಹುಡುಕುವ ಕಥೆ ಬೇಕು. ದಿನವಿಡೀ ಅದೇ ಕಲ್ಲುಗಳ ನಡುವೆ ತಿರುಗಿದರೂ ಅವರಿಗೆ ಸಾಕಾಗಿರುವುದಿಲ್ಲ. ಟೀಚರ್ ಮಾತ್ರ ಎಲ್ಲ ಕಪಾಟನ್ನೂ ಓದಿ ಮುಗಿಸಿ, ಮತ್ತೆ ಮೊದಲಿಂದ ಶುರುಮಾಡಿದವರು.

ಅವು ಕೆಂಪು ವರ್ಷಗಳು. ಸಂಡೂರಿನ ಗುಡ್ಡಗಳು ಕಬ್ಬಿಣದ ಅದಿರಾಗಿ ಟಿಪ್ಪರ್ ಏರಿ ಬಂದರಿನ ಕಡೆ ಹೊರಟಿದ್ದವು. ಎಲೆ, ಎಮ್ಮೆ, ಇಡ್ಲಿ, ದೇವರ ಫೋಟೋ, ಎಲ್ಲದರ ಮೇಲೂ ಕೆಂಪು ಧೂಳು. ಯಾರು ಎಲ್ಲಿಂದ ಎಷ್ಟು ಅಗೆದು ಸಾಗಿಸುತ್ತಿದ್ದಾರೆಂದು ಚಾ ಅಂಗಡಿಯಲ್ಲಿ ಕೂತವನಿಗೂ ಗೊತ್ತಿತ್ತು, ಕೇಳುವವನು ಮಾತ್ರ ಇರಲಿಲ್ಲ. ನನ್ನ ವ್ಯಾಪಾರ ಆಗ ಅಷ್ಟು ಚೆನ್ನಾಗಿ ನಡೆದದ್ದು ಅದಕ್ಕೇ ಎಂದು ನನ್ನ ಲೆಕ್ಕ. ಪುಸ್ತಕದಲ್ಲಿ ಕಳ್ಳ ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ, ಆದರೆ ಪಿನ್ನು ಕಿತ್ತರೆ ಹಿಡಿದೇ ಹಿಡಿಯುತ್ತಾರೆ. ಆ ಕೊನೆಯ ಅಧ್ಯಾಯ ಓದಿ ಜನ ನೆಮ್ಮದಿಯಾಗಿ ಮಲಗುತ್ತಿದ್ದರು.

ಎರಡು ಸಾವಿರದ ಏಳರಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ಟೀಚರ್ ಮನೆಯ ಹಿತ್ತಲ ಕೋಣೆಗೆ ದುರುಗೇಶ್ ಎಂಬ ಹುಡುಗ ಬಾಡಿಗೆಗೆ ಬಂದ. ಕಂಪ್ಲಿಯವನು. ಪಾಪಿನಾಯಕನಹಳ್ಳಿ ದಾಟಿದ ಮೇಲೆ ಅದಿರಿನ ಲಾರಿ ತೂಗುವ ವೇಬ್ರಿಡ್ಜ್ ಒಂದಿತ್ತು, ಅಲ್ಲಿ ತೂಕ ನೋಡುವ ಕೆಲಸ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿ ಪಲ್ಲವಿಗೆ ಹೊಸಪೇಟೆಯಲ್ಲಿ ನರ್ಸಿಂಗ್ ಓದುವ ಆಸೆ. ಜೂನ್‌ನಲ್ಲಿ ಅವಳನ್ನು ಕರೆತಂದು ಸೇರಿಸಬೇಕು, ಅಷ್ಟರವರೆಗೆ ಕೆಲಸವೂ ಕೋಣೆಯೂ ಕೈಬಿಡಬಾರದು, ಇಷ್ಟೇ ಅವನ ಚಿಂತೆ. ಆ ವರ್ಷ ಊರಿನಲ್ಲಿ ದನದ ಕೊಟ್ಟಿಗೆಗೂ ಬಾಡಿಗೆದಾರರು ಸಾಲುಗಟ್ಟಿದ್ದರು. ಕೋಣೆ ಸಿಕ್ಕಿದ್ದೇ ಪುಣ್ಯ ಎಂದು ಅವನು ಮುಂಗಡದ ಜೊತೆ ಬಾಳೆಹಣ್ಣನ್ನೂ ತಂದಿದ್ದ.

ಟೀಚರ್ ತಮ್ಮ ಷರತ್ತುಗಳನ್ನು ಹೇಳಿದರು. ಮಾಂಸ ಇಲ್ಲ, ಕುಡಿತ ಇಲ್ಲ, ಕೆಂಪು ಧೂಳು ಗೇಟಿನ ಒಳಗೆ ಬರಬಾರದು. ಹಿತ್ತಲಲ್ಲಿ ಅವರ ಮಡಿ ಬಟ್ಟೆ ಒಣಗುತ್ತಿರುತ್ತಿತ್ತು. ಅದರ ಮೇಲೆ ಧೂಳು ಕೂತರೆ ಮತ್ತೆ ಒಗೆಯಬೇಕು, ಮತ್ತೆ ಒಣಗಿಸಬೇಕು. ಹಾಗೆಂದು ಈ ಮಾತು ದುರುಗೇಶನಿಗಾಗಿ ಹುಟ್ಟಿದ್ದೇನಲ್ಲ. ಪೇಪರಿನವನಿಗೆ, ಗ್ಯಾಸಿನವನಿಗೆ, ಹಿಂದಿದ್ದ ಬಾಡಿಗೆದಾರರಿಗೆ, ಸ್ವಂತ ಮಗನಿಗೆ, ಎಲ್ಲರಿಗೂ ಅವರು ಅದನ್ನೇ ಹೇಳುತ್ತಿದ್ದರು. ಎಲ್ಲರೂ "ಹೂಂ ಅಮ್ಮಾರ" ಎಂದು ಕೆಂಪು ಹೆಜ್ಜೆ ಊರಿಕೊಂಡೇ ಒಳಗೆ ಬರುತ್ತಿದ್ದರು. ಹೇಳಿ ಹೇಳಿ ಅದು ಅವರ ಬಾಯಿಗೆ ಅಭ್ಯಾಸವಾಗಿತ್ತು, ಹೇಳಿದ್ದು ಅವರಿಗೇ ನೆನಪಿರುತ್ತಿರಲಿಲ್ಲ.

ತಿಂಗಳೊಳಗೆ ಟೀಚರ್‌ಗೆ ಅನುಮಾನ ಶುರುವಾಯಿತು.

"ಲೇ ಹಾಲಸ್ವಾಮಿ, ಆ ಹುಡುಗನ ಅಂಗಿ ನೋಡೀಯೇನು?" ಎಂದು ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕೇಳಿದರು. "ಬೆಳ್ಳಗದ. ಲಾರಿ ತೂಗೋ ಕೆಲಸ ಅಂತಾನ, ಮನೀಗೆ ಬರಬೇಕಾದ್ರ ಮದುವಿಗೆ ಹೊಂಟವರಂಗ ಬರ್ತಾನ. ಕಿವಿಯೊಳಗ ಸುದ್ದಾ ಧೂಳಿಲ್ಲ."

ನಾನು ನಕ್ಕೆ. ಆದರೆ ಒಳಗೊಳಗೇ ನನಗೂ ಹೌದೆನ್ನಿಸಿತು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗಿ ಬಂದವರ ಕರವಸ್ತ್ರವೇ ಕೆಂಪಾಗುತ್ತಿತ್ತು. ವೇಬ್ರಿಡ್ಜ್‌ನಲ್ಲಿ ದಿನವಿಡೀ ನಿಂತವನ ಅಂಗಿ ಬೆಳ್ಳಗಿರುವುದೆಂದರೆ?

ಮುಂದಿನ ಸಲ ಬಂದಾಗ ಟೀಚರ್ ದನಿ ತಗ್ಗಿತ್ತು. ಹುಡುಗನ ಕೈಯಲ್ಲಿ ದಿನಾಲೂ ಒಂದು ರೆಗ್ಜಿನ್ ಚೀಲ ಇರುತ್ತದಂತೆ. ಅದರಿಂದ ಕಟ್ಟಿಗೆಯ ಹಿಡಿಯೊಂದು ಹೊರಗೆ ಕಾಣುತ್ತದಂತೆ. ಸಂಜೆ ಬರುವಾಗ ತಲೆ ಒದ್ದೆ. ಹಿಂದಿನ ದಿನ ಆ ಚೀಲದಿಂದ ಮೆಟ್ಟಿಲ ಮೇಲೆ ಕೆಂಪು ಹನಿ ಬಿದ್ದಿತ್ತಂತೆ.

"ರಕ್ತೇನ್ರಿ ಟೀಚರ್?"

"ಮುಟ್ಟಿ ನೋಡಿದೆ. ಮಣ್ಣಿನ ನೀರು." ಟೀಚರ್ ಮುಖದಲ್ಲಿ ಸ್ವಲ್ಪ ನಿರಾಶೆಯೇ ಕಂಡಿತು. "ಕೊಲೆ ಅಲ್ಲ ಬಿಡು. ಇದು ನಿಧಿ. ಆ ಹಿಡಿ ಸಲಿಕೀದು. ಎಲ್ಲೋ ಅಗೀತಾನ, ಮೈ ತೊಳಕೊಂಡು ಬರ್ತಾನ. ಶನಿವಾರ ಕಂಪ್ಲಿ ಬಸ್ ಹತ್ತತಾನಲ್ಲ, ಆ ಬಸ್ಸು ಕಮಲಾಪುರದ ಮ್ಯಾಲೇ ಹೋಗ್ತದ. ನಡುವ ಇಳದ್ರ ಹಂಪಿ ಎಷ್ಟು ದೂರ?"

ಅವರು ಸುಖವಾಗಿದ್ದರು, ಅದನ್ನು ನಾನು ಕಣ್ಣಾರೆ ಕಂಡೆ. ಎಷ್ಟೋ ವರ್ಷ ಬಾಡಿಗೆಗೆ ಒಯ್ದು ಓದಿದ್ದು ಈಗ ಪುಕ್ಕಟೆಯಾಗಿ ಹಿತ್ತಲಿನಲ್ಲೇ ನಡೆಯುತ್ತಿತ್ತು. ಅನುಮಾನದ ರುಚಿ ಹತ್ತಿದವರಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ನನ್ನ ಹೊಟ್ಟೆ ಹೊರೆದದ್ದೂ ಆ ರುಚಿಯೇ, ನಾನು ಯಾವ ಬಾಯಲ್ಲಿ ಬೇಡ ಎನ್ನಲಿ?

ಫೆಬ್ರವರಿಯ ಕೊನೆಗೆ ಟೀಚರ್ ತೀರ್ಪು ಹೊತ್ತು ಬಂದರು. ಪುಸ್ತಕವನ್ನು ಮೇಜಿನ ಮೇಲೆ ಇಟ್ಟರು, ಪಿನ್ನು ಹಾಗೇ ಇತ್ತು.

"ನಿಧಿ ಅಲ್ಲ, ಹಾಲಸ್ವಾಮಿ. ಈಗ ಗೊತ್ತಾತು. ಅವನು ವೇಬ್ರಿಡ್ಜಿನವನೇ ಅಲ್ಲ. ಮ್ಯಾಲಿಂದ ಬಂದ ತನಿಖೆಯವನು. ಲಾರಿ ಎಷ್ಟು ಹೋಗ್ತಾವ, ಯಾರವು ಹೋಗ್ತಾವ ಅಂತ ನೋಡ್ಲಿಕ್ಕೆ ವೇಷ ಹಾಕ್ಕೊಂಡು ಕೂತಾನ. ನಡಿಗಿ ನೋಡು, ಮಾತು ನೋಡು. ಬಾಡಿಗಿ ಒಂದನೇ ತಾರೀಖಿಗೇ ಕೊಡ್ತಾನ. ಗಣಿಯವರು ಯಾರು ಹಂಗ ಕೊಡ್ತಾರ?"

"ಟೀಚರ್, ಮೆಲ್ಲಗ" ಎಂದೆ. ತಡವಾಗಿತ್ತು. ಹಿಂದಿನ ಕಪಾಟಿನ ಹತ್ತಿರ ಉಜ್ಜಿನಪ್ಪ ನಿಂತಿದ್ದ.

ಉಜ್ಜಿನಪ್ಪ ನಮ್ಮ ಕಾಯಂ ಗಿರಾಕಿ, ಸೇಡಿನ ಕಥೆಗಳನ್ನು ಕಟ್ಟುಗಟ್ಟಲೆ ಒಯ್ಯುವವನು. ಹಿಂದೆ ಜೋಳ ಬಿತ್ತುತ್ತಿದ್ದ. ಈಗ ಅವನ ಟಿಪ್ಪರ್‌ಗಳು ಸಂಡೂರು ರಸ್ತೆಯ ತುಂಬ ಓಡುತ್ತಿದ್ದವು. ದುರುಗೇಶ್ ಕೆಲಸಕ್ಕಿದ್ದ ವೇಬ್ರಿಡ್ಜ್ ಅವನ ಅಕ್ಕನ ಗಂಡನದು. ಟೀಚರ್‌ಗೆ ಅದು ಗೊತ್ತಿರಲಿಲ್ಲ. ಅವನು ಪುಸ್ತಕ ಆರಿಸಿಕೊಂಡ, ಟೀಚರ್‌ಗೆ ಕೈಮುಗಿದ, ಹೋದ. ಒಂದು ಮಾತೂ ಕೇಳಲಿಲ್ಲ. ಅವನು ಯಾವತ್ತೂ ಅಷ್ಟು ಸುಮ್ಮನೆ ಹೋದವನಲ್ಲ.

ಆ ವಾರ ಟೀಚರ್ ಓಣಿಯಲ್ಲಿ ಒಂದು ಬಿಳಿ ಜೀಪು ನಿಲ್ಲತೊಡಗಿತು. ಒಳಗೆ ಇಬ್ಬರು ಕೂತಿರುತ್ತಿದ್ದರು, ಇಳಿಯುತ್ತಿರಲಿಲ್ಲ. "ಅವರು ಅವನ ಇಲಾಖೆಯವರೇ, ಕಾವಲಿಗೆ ಬಂದಾರ" ಎಂದು ಟೀಚರ್ ನನಗೆ ಫೋನಿನಲ್ಲಿ ಹೇಳಿದರು. ಆ ಜೀಪು ಉಜ್ಜಿನಪ್ಪನದೆಂದು ನನಗೆ ಗೊತ್ತಿತ್ತು. ಹೇಳಿದೆ. ವೇಬ್ರಿಡ್ಜ್ ಅವನ ಭಾವನದೆಂಬುದನ್ನೂ ಹೇಳಿದೆ.

"ಹಂಗಾದ್ರ ಆ ಹುಡುಗ ಖರೇನ ಯಾರು ಅಂತ ನಾ ನೋಡೇ ಬಿಡ್ತೀನಿ" ಎಂದರು ಟೀಚರ್.

ಮರುದಿನ ಸಂಜೆ ಟೀಚರ್ ಆಟೋ ಮಾಡಿಕೊಂಡು ನನ್ನನ್ನೂ ಎಳೆದುಕೊಂಡು ಹೊರಟರು. ದುರುಗೇಶ್ ಬಸ್ಸಿನಿಂದ ಊರ ಹೊರಗೇ ಇಳಿಯುವುದನ್ನು ಅವರ ಮಗ ಒಮ್ಮೆ ಕಂಡಿದ್ದನಂತೆ. ಅಲ್ಲೇ ಕಾಲುವೆಯ ಏರಿ. ಬೇವಿನ ಮರದ ಹಿಂದೆ ನಾವಿಬ್ಬರೂ ನಿಂತೆವು. ನನಗೆ ನಾಚಿಕೆಯಾಗುತ್ತಿತ್ತು. ಟೀಚರ್ ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದರು.

ದುರುಗೇಶ್ ಬಂದ. ತಲೆಯಿಂದ ಕಾಲಿನವರೆಗೆ ಕೆಂಪಾಗಿದ್ದ, ಹುಬ್ಬೂ ಕಾಣುತ್ತಿರಲಿಲ್ಲ. ಕಾಲುವೆಗೆ ಇಳಿದು, ಅಂಗಿ-ಪ್ಯಾಂಟು ಬಿಚ್ಚಿ, ಚೀಲದಿಂದ ಸೋಪು ತೆಗೆದ. ಆ ಕಟ್ಟಿಗೆಯ ಹಿಡಿಯನ್ನು ಎಳೆದ. ಅದು ಬಟ್ಟೆ ಬಡಿಯುವ ಕೋಲು. ಕಲ್ಲಿನ ಮೇಲೆ ಅಂಗಿ ಹಾಕಿ ಬಡಿಯತೊಡಗಿದ. ನೀರು ಕೆಂಪಾಗಿ ಹರಿದು ಹೋಯಿತು. ಆಮೇಲೆ ತಾನು ಮುಳುಗೆದ್ದು, ಕಿವಿಯನ್ನು ಬೆರಳಿಂದ ಉಜ್ಜಿಕೊಂಡು, ಚೀಲದಿಂದ ಬಿಳಿ ಅಂಗಿ, ಬೇರೆ ಪ್ಯಾಂಟು ತೆಗೆದು ಹಾಕಿಕೊಂಡ. ಚಪ್ಪಲಿಯ ಅಡಿಯನ್ನೂ ತೊಳೆದ.

ಟೀಚರ್ ಮರದ ಹಿಂದಿನಿಂದ ಹೊರಗೆ ಬಂದರು. ಅವನು ಗಾಬರಿಯಾಗಿ ಎದ್ದು ನಿಂತ.

"ದುರುಗೇಶ, ಇದನ್ನ ಇಲ್ಲೆ ಯಾಕ ಮಾಡ್ತೀ? ಮನಿಯೊಳಗ ನಳ ಇಲ್ಲೇನು?"

ಅವನು ಅವರನ್ನೂ ನನ್ನನ್ನೂ ನೋಡಿದ. "ನೀವ ಹೇಳಿದ್ರೆಲ್ರಿ ಅಮ್ಮಾರ, ಮೊದಲನೇ ದಿನ. ಕೆಂಪು ಧೂಳ ಗೇಟಿನೊಳಗ ಬರಬಾರದು ಅಂತ."

ಟೀಚರ್ ಏರಿಯ ಮೇಲೆ ಕೂತುಬಿಟ್ಟರು. ಅವರ ಅಷ್ಟೂ ಅನುಮಾನದ ಗಂಟಿನಲ್ಲಿ ಈ ಒಂದು ಉತ್ತರ ಇರಲಿಲ್ಲ. ಹೇಳಿದ ಮಾತನ್ನು ಒಬ್ಬ ಮನುಷ್ಯ ಹೇಳಿದ ಹಾಗೇ ಕೇಳಿಬಿಡಬಹುದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ, ನನಗೂ ಹೊಳೆದಿರಲಿಲ್ಲ. ನಾವು ಇದ್ದ ಊರು, ಇದ್ದ ಕಾಲ ಅಂಥದ್ದು.

ದುರುಗೇಶನೇ ಮುಂದುವರಿಸಿದ. "ಅಮ್ಮಾರ, ನಿಮಗ ಏನರ ಗೊತ್ತೈತೇನ್ರಿ? ಮಾಲಕ್ರು ಕರದು, ಯಾವ ಆಫೀಸಿನಾಂವ ನೀ ಅಂತ ಕೇಳಾಕತ್ಯಾರ. ನಾಳಿಂದ ಬರಬ್ಯಾಡ ಅಂದಾರ. ನಾ ಏನ ತಪ್ಪ ಮಾಡೀನಿ ನನಗ ಗೊತ್ತಿಲ್ರಿ. ಕೆಲಸ ಹೋದ್ರ ಪಲ್ಲವಿಗೆ ಏನ ಹೇಳ್ಲಿ?"

ಟೀಚರ್ ಕಣ್ಣು ತುಂಬಿದ್ದನ್ನು ನಾನು ಅದೇ ಮೊದಲು ಕಂಡದ್ದು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಮರುದಿನ ಬೆಳಿಗ್ಗೆ ಅವರು ಪೂಜೆ ಬಿಟ್ಟರು. ಪಾಪಿನಾಯಕನಹಳ್ಳಿಯ ಆಚೆ ಉಜ್ಜಿನಪ್ಪ ಅದಿರು ಗುಡ್ಡೆ ಹಾಕಿಸುವ ಬಯಲಿತ್ತು, ಅಲ್ಲಿಗೆ ನನ್ನ ಜೊತೆ ಬಂದರು. ಆಟೋದಿಂದ ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಸೀರೆಯ ಅಂಚು ಕೆಂಪಾಯಿತು. ಟಿಪ್ಪರ್ ಒಂದು ಹಾದುಹೋದ ಮೇಲೆ ಸೀರೆಯ ಬಣ್ಣವೇ ಗೊತ್ತಾಗುತ್ತಿರಲಿಲ್ಲ. ಅವರು ಕೊಡವಿಕೊಳ್ಳಲಿಲ್ಲ.

"ಕುಂದ್ರಿ ಟೀಚರ್" ಎಂದು ಉಜ್ಜಿನಪ್ಪ ಕುರ್ಚಿಯನ್ನು ತಾನೇ ಒರೆಸಿ ಕೊಟ್ಟ. ಅವನ ಮೇಜಿನ ಮೇಲೆ ನನ್ನ ಅಂಗಡಿಯ ಪುಸ್ತಕ ಇತ್ತು, ಪಿನ್ನು ಕಿತ್ತಿತ್ತು.

"ಉಜ್ಜಿನಪ್ಪ, ಆ ಹುಡುಗ ಯಾರ ಕಡೆಯವನೂ ಅಲ್ಲ. ನಾ ಓದೋ ಹುಚ್ಚಿಗೆ ಹಂಗ ಅಂದೆ. ಮನೀಗೆ ಧೂಳು ತರಬ್ಯಾಡ ಅಂತ ನಾನೇ ಹೇಳಿದ್ದೆ. ಅದಕ್ಕ ಕಾಲುವಿಯೊಳಗ ಒಗಕೊಂಡು ಬರ್ತಾನ. ನಾ ಕಣ್ಣಾರೆ ನೋಡೀನಿ."

ಉಜ್ಜಿನಪ್ಪ ನಕ್ಕ. ಕೆಟ್ಟ ನಗು ಅಲ್ಲ, ಮಕ್ಕಳ ಮಾತು ಕೇಳಿ ನಗುತ್ತಾರಲ್ಲ, ಹಾಗೆ. "ಟೀಚರ್, ನೀವು ದೊಡ್ಡೋರು. ಆದ್ರ ಹೇಳಿದ ಮಾತು ಹೇಳಿದಂಗ ಕೇಳೋ ಮನುಷ್ಯ ಈ ಕಡಿ ಯಾವನರ ಅದಾನೇನ್ರಿ? ನಿಮಗ ಏನ ಹೇಳಿ ಕಳಿಸ್ಯಾನ ಅಂವ?"

"ಅವನು ಏನೂ ಹೇಳಿಲ್ಲ. ನಾನಾಗೇ ಬಂದೀನಿ."

"ಚಾಕ್ಕ ಇರ್ಲಿ ಅಂತ ಡ್ರೈವರ್‌ಗಳು ಕೈಗೆ ರೊಕ್ಕ ಕೊಟ್ರ ಅಂವ ಮುಟ್ಟಂಗಿಲ್ಲ. ಲೋಡ್ ಹೆಚ್ಚೈತಿ, ಇಳಸ್ರಿ ಅಂತಾನ. ಅರಿವಿ ಬೆಳ್ಳಗ. ನೀವ ಹೇಳ್ರಿ, ನಿಮಗಿಂತ ಹೆಚ್ಚು ಓದಿದೋರು ಯಾರದಾರ? ಕತಿಯೊಳಗ ಇಂಥಾಂವ ಯಾರಾಗಿರ್ತಾನ?"

ಕಥೆಯಲ್ಲಿ ಇಂಥವನು ಯಾರಾಗಿರುತ್ತಾನೆಂದು ಟೀಚರ್‌ಗೆ ಚೆನ್ನಾಗಿ ಗೊತ್ತಿತ್ತು. ಅದೇ ಅವರು ಅಂಗಡಿಯಲ್ಲಿ ಹೇಳಿದ ಉತ್ತರವೂ ಆಗಿತ್ತು. ಅದನ್ನು ಈಗ ಅವರಿಂದಲೇ ವಾಪಸ್ ತೆಗೆದುಕೊಳ್ಳಲಾಗುತ್ತಿರಲಿಲ್ಲ. ಅವರು ಅಲ್ಲಗಳೆದಷ್ಟೂ ಉಜ್ಜಿನಪ್ಪನ ನಂಬಿಕೆ ಗಟ್ಟಿಯಾಗುತ್ತಿತ್ತು.

"ಅವನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ. ಕೈ ಮುಗಿತೀನಿ" ಎಂದರು. ನಿಜವಾಗಿಯೂ ಕೈ ಮುಗಿದರು.

ಉಜ್ಜಿನಪ್ಪ ಮುಜುಗರದಿಂದ ಎದ್ದು ನಿಂತ. "ಹಂಗ ಮಾಡಬ್ಯಾಡ್ರಿ. ನಿಮ್ಮ ಮುಖ ನೋಡಿ ಒಂದು ಮಾತು ಹೇಳ್ತೀನಿ. ಎಲ್ಲಾರಂಗ ಇರಾಕ ಹೇಳ್ರಿ ಅವಂಗ. ಕೆಂಪಾಗಿ ಮನೀಗೆ ಹೋಗ್ಲಿ, ಕೊಟ್ಟಿದ್ದು ತಗೊಳ್ಳಿ, ತೂಕದಾಗ ಭಾಳ ಕಣ್ಣು ಹಾಕೂದು ಬ್ಯಾಡ. ನಮ್ಮ ಭಾವಗ ನಾ ಹೇಳ್ತೀನಿ, ಕೆಲಸಕ್ಕ ಬರ್ಲಿ. ಜೀಪಿನ್ಯಾಗಿನ ನಮ್ಮ ಹುಡುಗ್ರು ನಾಕು ದಿನ ನೋಡ್ತಾರ. ಎಲ್ಲಾರಂಗ ಅದಾನ ಅಂದ್ರ ಇರ್ಲಿ ಬಿಡ್ರಿ."

ವಾಪಸ್ ಬಂದ ಮೇಲೆ ದುರುಗೇಶನಿಗೆ ಉಜ್ಜಿನಪ್ಪನ ಮಾತನ್ನು ಟೀಚರೇ ಹೇಳಿದರು, ತಾವು ಅಂಗಡಿಯಲ್ಲಿ ಆಡಿದ ಮಾತನ್ನೂ ಸೇರಿಸಿ ಹೇಳಿದರು. ಅವನು ಸಿಟ್ಟಾಗಲಿಲ್ಲವಂತೆ. "ಆತ್ರಿ ಅಮ್ಮಾರ" ಎಂದನಂತೆ. ಸಿಟ್ಟಾಗಿದ್ದರೆ ಚೆನ್ನಾಗಿತ್ತು ಎಂದು ಟೀಚರ್ ಎಷ್ಟೋ ಸಲ ಹೇಳಿದ್ದಾರೆ.

ಈಗಲೂ ಅವರು ಪುಸ್ತಕ ಒಯ್ಯುತ್ತಾರೆ. ಆದರೆ ಮೇಜಿನ ಮೇಲಿಡುವಾಗ ಪಿನ್ನು ಕಿತ್ತಿರುತ್ತದೆ. "ಯಾರು ಮಾಡಿದ್ರು ಟೀಚರ್?" ಎಂದು ನಾನು ಚೇಷ್ಟೆಗೆ ಕೇಳಿದರೆ, "ಕೊನೀಗೆ ಬರದಾರಲ್ಲ, ಓದ್ಕೋ" ಎನ್ನುತ್ತಾರೆ. ಜೂನ್‌ನಲ್ಲಿ ಪಲ್ಲವಿ ಬಂದಳು, ನರ್ಸಿಂಗ್ ಸೇರಿದಳು. ಅವಳ ಬಿಳಿ ಸಮವಸ್ತ್ರ ಟೀಚರರ ಮಡಿ ಬಟ್ಟೆಯ ಪಕ್ಕದಲ್ಲೇ ಒಣಗುತ್ತಿತ್ತು. ಇದೆಲ್ಲ ಆಮೇಲಿನ ಮಾತು.

ನನಗೆ ಮರೆಯಲಾಗದ್ದು, ಉಜ್ಜಿನಪ್ಪನ ಮಾತಿನಂತೆ ದುರುಗೇಶ್ ಮತ್ತೆ ಕೆಲಸಕ್ಕೆ ಹೋಗಿ ಬಂದ ಆ ಮೊದಲನೇ ಸಂಜೆ. ಟೀಚರ್ ಹೇಗಿದ್ದಾರೋ ಎಂದು ನೋಡಲು ಹೋಗಿದ್ದೆ. ಅವರು ಪಡಸಾಲೆಯಲ್ಲಿದ್ದರು, ಪುಸ್ತಕ ಗೂಡಿನಲ್ಲೇ ಇತ್ತು. ಎದುರಿಗೆ ಬಿಳಿ ಜೀಪು ನಿಂತಿತ್ತು. ದುರುಗೇಶ್ ಓಣಿಯ ತಿರುವಿನಲ್ಲಿ ಕಾಣಿಸಿದ. ಕಾಲುವೆಗೆ ಇಳಿಯದೆ ನೇರವಾಗಿ ಬಂದಿದ್ದ. ಕೂದಲು, ಅಂಗಿ, ಕೈ, ಎಲ್ಲ ಕೆಂಪು. ಕೈಯಲ್ಲಿ ಚೀಲವಿರಲಿಲ್ಲ. ಅಂಗಿಯ ಜೇಬಿನಲ್ಲಿ ಮಡಚಿದ ನೋಟಿನ ತುದಿ ಕಾಣುತ್ತಿತ್ತು. ಗೇಟಿನ ಹತ್ತಿರ ಬಂದು ನಿಂತುಬಿಟ್ಟ, ಒಳಗೆ ಕಾಲಿಡಲು ಅವನಿಂದ ಆಗಲಿಲ್ಲ.

"ಬಾ, ದುರುಗೇಶ. ಒಳಗ ಬಾ" ಎಂದರು ಟೀಚರ್.

ಅವನು ಬಗ್ಗಿ, ಅಂಗಿಯ ತುದಿಯಿಂದ ಚಪ್ಪಲಿ ಒರೆಸಲು ಹೋದ.

"ಒರಸಬ್ಯಾಡ" ಎಂದರು ಟೀಚರ್, ಜೀಪಿನ ಕಡೆ ನೋಡದೆ. "ಹಂಗೇ ಬಾ. ಅವರು ನೋಡ್ಲಿಕತ್ತಾರ."